ಹಳ್ಳದ ದಂಡೆಯಲ್ಲಿ ಆಡಿದ ಮಾತು

ನಾನು ದೇವದುರ್ಗದ ಹುಡುಗಿ. ಮದುವೆಯಾಗಿ ಮಾನ್ವಿಯಿಂದ ಎರಡು ಹರದಾರಿ ದೂರದ ಹಳ್ಳಿಗೆ ಬಂದಾಗ ನನಗೆ ಹದಿನೇಳು ವರ್ಷ. ಊರ ಹೊರಗಿನ ಕೇರಿ ನಮ್ಮದು. ಗಂಡ ರಾಯಚೂರಿನಲ್ಲಿ ಹತ್ತಿ ಬಿಡಿಸುವ ಜಿನ್ನಿನಲ್ಲಿ ಹಮಾಲಿ ಮಾಡುತ್ತಿದ್ದ. ಮಾವ ಗೌಡರ ಮನೆಯ ಆಳು. ಆ ಮನೆಯ ಅಂಗಳದಲ್ಲೇ ದುಡಿದು ಮುಪ್ಪಾದರೂ ಒಂದು ದಿನವೂ ಹೊಸ್ತಿಲು ದಾಟಿದವನಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದಿದೆ ಎನ್ನುತ್ತಿದ್ದರು. ನಮ್ಮ ಸೀಮೆ ಮಾತ್ರ ಇನ್ನೂ ಹೈದರಾಬಾದಿನ ಕೈಯಲ್ಲೇ ಇತ್ತು. ಆ ವರ್ಷ ಹೈದರಾಬಾದಿನ ಪರವಾಗಿ ಖಾಕಿ ತೊಟ್ಟ ಗುಂಪುಗಳು ಬಂದೂಕು ಹಿಡಿದು ಹಳ್ಳಿಗಳಿಗೆ ನುಗ್ಗಿ ಲೂಟಿ ಮಾಡುತ್ತಿದ್ದವು. ಒಂದು ಮುಂಜಾನೆ ಗೌಡರ ಮನೆಯವರೆಲ್ಲ ಬಂಡಿ ಹೂಡಿಕೊಂಡು ತುಂಗಭದ್ರೆಯ ಆಚೆ, ಹಿಂದೂಸ್ತಾನದ ಕಡೆ ಹೊರಟರು.

ಗೌಡರು ಮಾವನನ್ನು ಕರೆದು, "ಮನಿ ಕಡೆ ಲಕ್ಷ್ಯ ಇರ್ಲಿ. ಹಗೇವಿನ ಬಾಯಿ ಎಲ್ಲಿ ಅದ ಅಂತ ಯಾರ ಮುಂದೂ ಹೇಳಬ್ಯಾಡ" ಎಂದರು. ಅಂಗಳದ ನೆಲ ತೋಡಿ, ಜೋಳ ತುಂಬಿ, ಮೇಲೆ ಮಣ್ಣು ಮುಚ್ಚಿದ್ದ ಹಗೇವು ಅದು.

"ಹೂನ್ರೀ ಯಪ್ಪಾ" ಎಂದ ಮಾವ. ಕೇರಿಯವರು ಎಲ್ಲಿಗೆ ಹೋಗಬೇಕೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆಮೇಲಿನ ದಿನಗಳು ಹೇಗಿದ್ದವೆಂದರೆ, ಜಗಳವಿಲ್ಲದೆ ಒಂದು ದಿನ ಕಳೆಯದ ಕೇರಿಯಲ್ಲಿ ಜಗಳವೇ ನಿಂತುಹೋಯಿತು. ಬಡಿಯುವ ಹಲಗೆಯನ್ನು ಯಾರೂ ಮುಟ್ಟಲಿಲ್ಲ. ಕೂಸು ಅತ್ತರೆ ಪಕ್ಕದ ಮನೆಯವರು ಬಂದು ಅದರ ಬಾಯಿಗೆ ಕೈ ಒತ್ತುತ್ತಿದ್ದರು. ನನ್ನ ತವರಿನ ಕಡೆ ಒಂದು ಹಳ್ಳಿಯನ್ನೇ ಸುಟ್ಟರಂತೆ ಎಂಬ ಸುದ್ದಿ ಬಂತು. ಕಂಡವರಿಲ್ಲ, ಆದರೆ ಎಲ್ಲರೂ ಅದನ್ನು ಕಂಡವರ ಹಾಗೆ ಹೇಳುತ್ತಿದ್ದರು. ರಾಯಚೂರಿನಿಂದ ಗಂಡನ ಸುದ್ದಿ ಇರಲಿಲ್ಲ. ನಾಯಿ ಬೊಗಳಿದರೆ ನಾನು ಒಲೆಗೆ ನೀರು ಹೊಯ್ದು ಬೆಂಕಿ ಆರಿಸುತ್ತಿದ್ದೆ.

ಒಂದು ಮಧ್ಯಾಹ್ನ ಖಾಕಿಯವರು ಬಂದೇಬಿಟ್ಟರು. ನೇರ ನಮ್ಮ ಗುಡಿಸಲಿಗೆ ಬಂದು ಮಾವನನ್ನು ಎಳೆದೊಯ್ದರು. ಹೊತ್ತು ಇಳಿಯುವಾಗ ಅವನು ಗೋಡೆ ಹಿಡಿದುಕೊಂಡು ಬಂದ. ಭುಜದ ಎಲುಬು ಮುರಿದಿತ್ತು. ಹಗೇವು ಬರಿದಾಗಿತ್ತು. ಆವತ್ತೇ ಜ್ವರ ಏರಿ ಮಾವ ಮಾತು ಬಿಟ್ಟ.

"ಇವನೇ ಗೌಡ್ರ ಆಳು ಅಂತ ಅವ್ರಿಗೆ ಯಾರು ಹೇಳಿದ್ರು?" ಇಡೀ ಕೇರಿ ಇದನ್ನೇ ಕೇಳಿತು. ಕೇಳುತ್ತಾ ಒಬ್ಬರು ಇನ್ನೊಬ್ಬರ ಮುಖ ನೋಡಿದರು. ನನ್ನ ಮುಖವನ್ನೂ ನೋಡಿದರು. ಹೊರಗಿನಿಂದ ಹೊಸದಾಗಿ ಬಂದವಳು ನಾನೊಬ್ಬಳೇ.

ಮರುದಿನ ಹಳ್ಳದಲ್ಲಿ ಬಟ್ಟೆ ಒಗೆಯುವಾಗ ನಾನು ಬಾಯಿಬಿಟ್ಟೆ. "ನಿನ್ನೆ ಮುಂಜಾನಿ ಬಳೆಗಾರ ದಾರ್‍ಯಾಗ ಅವ್ರ ಜೋಡಿ ನಿಂತಿದ್ದ. ಕೈ ಮಾಡಿ ಏನೋ ತೋರ್ಸಾಕತ್ತಿದ್ದ. ಗೌಡ್ರ ಮನಿ ಕಡೆ."

ಅವನು ನಿಂತದ್ದು ನಿಜ, ಕೈ ಮಾಡಿದ್ದೂ ನಿಜ. ಗೌಡರ ಮನೆಯ ಕಡೆಗೆ ಎಂಬುದು ನಾನು ಸೇರಿಸಿದ್ದು. ಅಷ್ಟು ದೂರದಿಂದ ನನಗೇನು ಗೊತ್ತಾಗಬೇಕು?

ಬಳೆಗಾರ ಊರಂಚಿನ ಮುಸಲ್ಮಾನ. ನಡುವಯಸ್ಸು ದಾಟಿದವನು, ಮಕ್ಕಳಿಲ್ಲ, ಗಂಡ ಹೆಂಡತಿ ಇಬ್ಬರೇ. ಊರಿನ ಬೇರೆ ಯಾರೂ ಮುಟ್ಟದ ನಮ್ಮ ಕೈಗಳನ್ನು ಅವನೊಬ್ಬ ತನ್ನ ಮೊಣಕಾಲ ಮೇಲಿಟ್ಟುಕೊಂಡು, "ಸಡಿಲ ಬಿಡು ಬೇಟಿ, ನೋಯ್ಸಂಗಿಲ್ಲ" ಎನ್ನುತ್ತಾ ಬಳೆ ಏರಿಸುತ್ತಿದ್ದ.

ನನ್ನ ಮಾತು ಕೇಳಿದ ಹೆಂಗಸರು ಉಸಿರುಬಿಟ್ಟರು. ಒಬ್ಬಳು ಸರಿದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಳು. ಆ ಕೇರಿಗೆ ಬಂದ ಮೇಲೆ ನಾನೂ ಅವರಲ್ಲೊಬ್ಬಳು ಎನ್ನಿಸಿದ್ದು ಅದೇ ಮೊದಲು. ಸಂಜೆಯ ಹೊತ್ತಿಗೆ ಕೇರಿಯ ಬಾಯಲ್ಲಿ ಬಳೆಗಾರ ಖಾಕಿಯವರಿಗೆ ಮನೆ ಮನೆ ಲೆಕ್ಕ ಕೊಟ್ಟಿದ್ದ. ಎರಡು ದಿನದಲ್ಲಿ ಅವನ ಗಂಟಿನಲ್ಲಿ ಪಿಸ್ತೂಲಿತ್ತು. ಆ ಪಿಸ್ತೂಲಿನ ಮಾತು ನನ್ನ ಅತ್ತೆಯ ಬಾಯಿಂದ ಕೇಳಿದಾಗ, ಇದು ಹುಟ್ಟಿದ್ದು ಎಲ್ಲಿಂದ ಎಂಬುದು ಗೊತ್ತಿದ್ದೂ ನಾನು ನಂಬಿ ನಡುಗಿದೆ.

ಒಮ್ಮೆ ಅವನು ಗಂಟು ಹೊತ್ತು ಕೇರಿಗೆ ಬಂದ. "ಬಳಿ ಬೇಕೇನ್ರವ್ವಾ?" ಎಂದು ಕೂಗಿದ. ಯಾವ ಬಾಗಿಲೂ ತೆರೆಯಲಿಲ್ಲ. ಅವನು ನಿಂತೇ ಇದ್ದ. ನಾನು ಒಳಗೆ ಕೈ ಹಿಸುಕಿಕೊಳ್ಳುತ್ತಾ ಅವನು ಹೋಗಲಿ ಎಂದು ದೇವರನ್ನು ಬೇಡಿದೆ.

ಕೆಲವು ವಾರ ಕಳೆದ ಮೇಲೆ ಹಿಂದೂಸ್ತಾನದ ದಂಡು ಬಂತು. ಖಾಕಿಯವರು ಎಲ್ಲಿ ಮಾಯವಾದರೋ ತಿಳಿಯಲಿಲ್ಲ. ಉಸಿರೆತ್ತದೆ ಇದ್ದ ಕೇರಿಗೆ ಒಂದೇ ಬೆಳಗಿನಲ್ಲಿ ಗಂಟಲು ಬಂತು. ಗಂಡಸರು ಕೊಡಲಿ, ಕುಡುಗೋಲು ಹಿಡಿದು ಸೇರಿದರು. ಊರೊಳಗಿನವರೂ ಬಂದು ಕೂಡಿಕೊಂಡರು. ಅವರು ನಮ್ಮವರ ಜೊತೆ ಹೆಗಲಿಗೆ ಹೆಗಲು ಹಚ್ಚಿ ನಿಂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಏನವ್ವಾ ಅದು ಗದ್ಲ?" ಮಾವ ಮಲಗಿದಲ್ಲಿಂದಲೇ ಕೇಳಿದ. ಜ್ವರ ಇಳಿದು ಆಗಷ್ಟೇ ಮಾತು ಮರಳಿತ್ತು.

"ಬಳೆಗಾರನ ಮನಿಗೆ ಹೊಂಟಾರ. ನಿಮ್ಮನ್ನ ಹಿಡ್ಸಿಕೊಟ್ಟಾಂವ ಅಂವ ಅಂತ."

ಮಾವ ಎದ್ದು ಕೂತ. "ಹಂಗಂತ ಯಾರು ಹೇಳಿದ್ರು?"

"ನಾನs ಹೇಳಿದ್ದೆ, ಮಾವಾ."

ಅವನು ನೆಟ್ಟಗಿದ್ದ ಕೈಯನ್ನು ನನ್ನತ್ತ ಚಾಚಿ, "ಹಿಡ್ಕೋ ನನ್ನ, ನಡಿ" ಎಂದ.

ನಾವು ಮುಟ್ಟುವಷ್ಟರಲ್ಲಿ ಚಪ್ಪರಕ್ಕೆ ಬೆಂಕಿ ಬಿದ್ದಿತ್ತು. ಒಡೆದ ಬಳೆ ಅಂಗಳದ ತುಂಬ. ಗಂಡ ಹೆಂಡತಿ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಮಾವ ಗುಂಪಿನೊಳಗೆ ನುಗ್ಗಿ ಅವರ ಮುಂದೆ ನಿಂತ.

"ನನ್ನ ಮನಿ ತೋರ್ಸಿದಾಂವ ಇಂವ ಅಲ್ಲ. ಗೌಡ್ರ ಮನಿ ಕಟ್ಟಿ ಮುಂದ ನಮ್ಮವ್ರs ನಾಕು ಮಂದಿನ್ನ ಮೊಣಕಾಲೂರಿಸಿ, ಗೌಡ್ರ ಆಳು ಯಾರು ಅಂತ ಕೇಳಿದ್ರು. ಅವ್ರು ನನ್ನ ಗುಡಿಸಲ ತೋರ್ಸಿದ್ರು, ನನ್ನ ಅಲ್ಲಿಗೆ ಎಳಕೊಂಡು ಹೋದಾಗ ಇವನs ಅಂತ ಕೈ ಮಾಡಿದ್ರು. ತಲಿಗೆ ಬಂದೂಕು ಇತ್ತು. ಅವ್ರ ಮ್ಯಾಲೆ ನನಗ ಸಿಟ್ಟಿಲ್ಲ. ಹೊಡ್ತ ತಡಿಲಾರದ ಹಗೇವು ತೋರ್ಸಿದಾಂವ ನಾನು. ಕಡಿಯೋದಿದ್ರ ನನ್ನ ಕಡೀರಿ."

ಯಾರೂ ಹೆಸರು ಕೇಳಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ. ಎಲ್ಲರಿಗಿಂತ ಮುಂದೆ ನಿಂತು ಕೂಗುತ್ತಿದ್ದವರಲ್ಲಿ ಒಬ್ಬ ಕುಡುಗೋಲು ಚೆಲ್ಲಿ ಅಲ್ಲೇ ಕುಸಿದು ಕೂತ. ಇನ್ನು ಮೂವರು ತಲೆ ತಗ್ಗಿಸಿದರು. ಗುಂಪು ಹಿಂದಿನಿಂದ ಕರಗತೊಡಗಿತು. ಉಳಿದ ಕೆಲವರು ಕೊಡ ತಂದು ನೀರು ಹೊಯ್ದರು, ಆದರೂ ಚಪ್ಪರ ಉಳಿಯಲಿಲ್ಲ. ನಾನೂ ನೀರು ತಂದೆ. ಹೇಳಬೇಕಾದ ಒಂದು ಮಾತು ಮಾತ್ರ ಬಾಯಿಂದ ಹೊರಬೀಳಲಿಲ್ಲ.

ಅವತ್ತೇ ಗಂಡ ಹೆಂಡತಿ ರಾಯಚೂರಿನ ದಾರಿ ಹಿಡಿದರು. ಆ ನಾಲ್ವರು ಮುಂದೆ ಬಹಳ ವರ್ಷ ಆ ಊರಲ್ಲೇ ಬದುಕಿದರು, ನಮ್ಮ ಮನೆಯ ಮದುವೆ ಸಾವಿಗೆ ಬಂದರು. ಆ ದಿನದ ಮಾತನ್ನು ಮಾತ್ರ ಕೇರಿಯಲ್ಲಿ ಯಾರೂ ಎತ್ತಲಿಲ್ಲ.

ನನ್ನ ಗಂಡ ಜೀವಂತ ಬಂದ. ಮರು ವರ್ಷ ನಾವೂ ರಾಯಚೂರು ಸೇರಿದೆವು. ಕೋಟೆಯ ಹತ್ತಿರದ ಓಣಿಯಲ್ಲಿ ಬಳೆಗಾರನ ಮನೆ ಇದೆ ಎಂದು ತಿಳಿದೂ ಅನೇಕ ತಿಂಗಳು ಸುತ್ತುಬಳಸಿ ಓಡಾಡಿದೆ. ಕೊನೆಗೊಂದು ದಿನ ಹೋಗಿ ಎಲ್ಲವನ್ನೂ ಹೇಳಿದೆ.

"ಮಾನ್ವಿ ದಾರಿ ಯಾವುದು ಅಂತ ಕೇಳಿದ್ರು ಬೇಟಿ. ಅದನ್ನ ತೋರ್ಸಿದ್ದೆ" ಎಂದ ಬಳೆಗಾರ.

ಒಳಗಿನಿಂದ ಅವನ ಹೆಂಡತಿಯ ದನಿ ಬಂತು. "ಹೇಳಿದ್ದು ಮುಗೀತಲ್ಲ? ಆಕಿಗೆ ಹೋಗ್ ಅನ್ರಿ."

ಅವನು ಎದ್ದು ಬಾಗಿಲಿನಿಂದ ಪಕ್ಕಕ್ಕೆ ಸರಿದ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಹೇಳಿದರೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಆಕೆಯ ಮೇಲೆ ನನಗೆ ಸಿಟ್ಟೂ ಬರಲಿಲ್ಲ.