ಟವೆಲ್ಲಿನೊಳಗಿನ ಎರಡು ವರ್ಷ

ನಮ್ಮ ಮಾವ ಗಿರಿಯಪ್ಪನವರು ಹಾವೇರಿ ದನದ ಸಂತೆಯಲ್ಲಿ ಮೂವತ್ತು ವರ್ಷ ದಲ್ಲಾಳಿಯಾಗಿದ್ದವರು. ಅಲ್ಲಿ ಎತ್ತಿನ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಸಂತೆ ಬಿಟ್ಟರೂ ಮಾವನಿಗೆ ಆ ಚಟ ಬಿಡಲಿಲ್ಲ. ಬದನೆಕಾಯಿ ಕೊಳ್ಳಲೂ ಟವೆಲ್, ಹಾಲಿನವನಿಗೂ ಟವೆಲ್. ಒಮ್ಮೆ ಡಾಕ್ಟರು ನಾಡಿ ಹಿಡಿದಾಗ ಮೇಲೆ ಕೆಂಪು ಟವೆಲ್ ಹೊದಿಸಿ, ಅವರ ಎರಡು ಬೆರಳು ಒತ್ತಿ, "ಇದರ ಮ್ಯಾಲೆ ಆಗೂದಿಲ್ರಿ" ಎಂದಿದ್ದರು. ನನ್ನ ಮದುವೆಯ ಮಾತುಕತೆಯೂ ಅದರೊಳಗೇ ಮುಗಿದಿತ್ತು. ಏನು ಮಾತಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಸಿಟ್ಟು ಇನ್ನೂ ಇದೆ.

2006ರಲ್ಲಿ ರಾಣೆಬೆನ್ನೂರಿನ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬರಾಕಾ ಎಂಬ ತಾಂಜಾನಿಯಾದ ಹುಡುಗ ಬಾಡಿಗೆಗಿದ್ದ. ಮೆಣಸಿನಕಾಯಿಯ ಹೈಬ್ರಿಡ್ ಬೀಜ ಮಾಡುವುದನ್ನು ಕಲಿಯಲು ಬಂದವನು. ಪರದೇಶದವರು ಓದಲು ನಮ್ಮೂರಿಗೆ ಬರುತ್ತಾರೆಂದರೆ ನನ್ನ ತವರಿನವರು ನಂಬಲೇ ಇಲ್ಲ. ವರ್ಷದೊಳಗೆ ಅವನು ನಮ್ಮ ಮಾತನ್ನು ನಮಗಿಂತ ಜೋರಾಗಿ ಆಡತೊಡಗಿದ. ಇನ್ನೂ ಮೂರು ವರ್ಷ ಇಲ್ಲೇ ಕಲಿಯುವ ಅವಕಾಶ ಸಿಕ್ಕಿತು. ಅವನನ್ನು ಮದುವೆಯಾಗಬೇಕಿದ್ದ ನೀಮಾ ಫೋನಿನಲ್ಲಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. 'ಬಂದು ನೋಡಿ ಹೇಳುತ್ತೇನೆ' ಎಂದವಳು ನಾಲ್ಕು ದಿನಕ್ಕೆಂದು ಬಂದೇಬಿಟ್ಟಳು. ಕಾಯುತ್ತಾಳೋ, ಬಿಟ್ಟು ಹೋಗುತ್ತಾಳೋ ಎಂಬ ಚಿಂತೆಯಲ್ಲಿ ಬರಾಕಾನಿಗೆ ಊಟ ಸೇರುತ್ತಿರಲಿಲ್ಲ.

ಅವಳಿಗೆ ಏನೇನು ತೋರಿಸಬೇಕೆಂದು ಅವನೊಂದು ಚೀಟಿ ಬರೆದಿದ್ದ. ಮಾವ ಅದನ್ನು ತಮ್ಮ ಕಿಸೆಗೆ ಹಾಕಿಕೊಂಡರು.

"ತಮ್ಮಾ, ನಿನಗ ಈ ಊರು ಏನು ಗೊತ್ತೈತಿ? ನಾ ತೋರಸ್ತೇನಿ."

ಮೂರು ದಿನ ರಾಣೆಬೆನ್ನೂರು ತೋರಿಸಿದರು. ತಮಗೆ ಎತ್ತು ಮೊದಲ ಸಲ ಹಾಯ್ದ ಜಾಗ, ಎರಡನೇ ಸಲ ಹಾಯ್ದ ಜಾಗ, ಮೂರನೇ ಸಲ ತಪ್ಪಿಸಿಕೊಂಡು ಬಂದು ಕೂತ ರೈಲ್ವೆ ಸ್ಟೇಶನ್ನಿನ ಬೆಂಚು. ಪ್ರತಿ ಜಾಗದ ಪಕ್ಕ ಯಾರದೋ ಮನೆ, ಪ್ರತಿ ಮನೆಯಲ್ಲೂ ಚಹಾ, ಮಂಡಕ್ಕಿ. ನೀಮಾ ತಮ್ಮ ಭಾಷೆಯಲ್ಲಿ ಬಾಯಿ ತೆರೆದರೆ ಸಾಕು, ಸುತ್ತ ಕೂತವರೆಲ್ಲ "ಏನಂತಾಳ? ಏನಂತಾಳ?" ಎನ್ನುತ್ತಿದ್ದರು. ಬರಾಕಾ ಬಿಡಿಸಿ ಹೇಳುವವರೆಗೂ ಬಿಡುತ್ತಿರಲಿಲ್ಲ. ಹೀಗಾದರೆ ಆ ಹುಡುಗಿ ಮನಸ್ಸಿನದನ್ನು ಹೇಗೆ ಹೇಳಿಯಾಳು?

"ಮಾವಾರ, ಅವರಿಬ್ಬರನ್ನ ಚೂರು ಬಿಡ್ರಿ" ಎಂದೆ.

"ಬಿಟ್ಟರ ದಾರಿ ತಪ್ಪತಾರವಾ."

ಕೊನೆಯ ದಿನ ಚಾಂದಸಾಬನ ಆಟೋ. ಮುಂದೆ ಅವನ ಪಕ್ಕ ಮಾವ. ಹಿಂದೆ ಅವರಿಬ್ಬರು, ನಡುವೆ ನಾನು. ಹಾಗೆ ಕೂರಿಸಿದ್ದೂ ಮಾವನೇ. ಕದರಮಂಡಲಗಿಯ ಹನುಮಪ್ಪನಿಗೆ ಕೈಮುಗಿದು ಬ್ಯಾಡಗಿ ಮಾರುಕಟ್ಟೆಗೆ ಹೋದೆವು. ಮೆಣಸಿನಕಾಯಿ ರಾಶಿಗಳ ನಡುವೆ ನೀಮಾ ಹನ್ನೊಂದು ಸಲ ಸೀನಿದಳು. ಬರಾಕಾ ಪಾಪ ಅವಳ ಕೈ ಹಿಡಿದುಕೊಂಡ. ಮಾವ ಗಾಬರಿಯಾಗಿ ಹೆಗಲ ಮೇಲಿನ ಟವೆಲ್ ತೆಗೆದು ಅವರ ಕೈಮೇಲೆ ಹಾಕಿದರು.

"ಮಂದಿ ನೋಡತಾರ. ಹಿಡಿಯೂದಾದ್ರ ಮುಚ್ಚಿಕೊಂಡು ಹಿಡೀರಿ!"

ಟವೆಲ್ ಹಾಕಿದ ಮೇಲೆ ಮಾವ ಸುಮ್ಮನಿದ್ದಾರೆಯೇ? ಹಾವೇರಿವರೆಗೂ ಹಿಂದೆ ತಿರುಗಿ ಕೂತು ಇಬ್ಬರಿಗೂ ಪಾಠ ಮಾಡಿದರು. ಎಷ್ಟು ಬೆರಳು ಹಿಡಿದರೆ ಅಷ್ಟು. ಕೈ ಹೊರಗೆ ಎಳೆದುಕೊಂಡರೆ ವ್ಯವಹಾರ ಮುರಿದಂತೆ.

ಹಾವೇರಿ ಸಂತೆಯಲ್ಲಿ ಇಬ್ಬರೂ ಟವೆಲ್ಲಿನೊಳಗೆ ಕೈಯಿಟ್ಟುಕೊಂಡೇ ಇಳಿದರು. ಹಲಗೇರಿಯ ರೈತನೊಬ್ಬ ನೋಡಿ ನಿಂತುಬಿಟ್ಟ. "ಯಾವ ಜೋಡಿಗೆ ನಡದೈತ್ರಿ?" ಎಂದು ಮಾವನನ್ನು ಕೇಳಿದ. ಮಾವ ಬಾಯಿಮೇಲೆ ಬೆರಳಿಟ್ಟರು. ಸಂತೆಯ ಕಟ್ಟಳೆ ಅದು: ಟವೆಲ್ಲಿನೊಳಗೆ ಕೈಯಿದ್ದಾಗ ಮೂರನೆಯವರು ಬಾಯಿ ಹಾಕಬಾರದು. ನೋಡನೋಡುತ್ತ ನಲವತ್ತು ಜನ ಸುತ್ತುಗಟ್ಟಿದರು, ಒಬ್ಬರೂ ಪಿಟ್ಟೆನ್ನಲಿಲ್ಲ. ನಾಲ್ಕು ದಿನದಲ್ಲಿ ಆ ಹುಡುಗಿಯನ್ನು "ಏನಂತಾಳ?" ಎಂದು ಯಾರೂ ಕೇಳದ ಜಾಗ ಅದೊಂದೇ.

ನೀಮಾ ಸುತ್ತ ನೋಡಿದಳು. ಆಮೇಲೆ ಬರಾಕಾನನ್ನು ನೋಡಿದಳು. ಟವೆಲ್ ಅಲುಗಾಡಿತು.

ಅವನು ಅವಳ ಮೂರು ಬೆರಳು ಹಿಡಿದನಂತೆ. ಅವಳು ಕೊಡವಿ ಅವನ ಒಂದು ಬೆರಳು ಹಿಡಿದಳಂತೆ. ಅವನು ಮತ್ತೆ ಮೂರು, ಅವಳು ಮತ್ತೆ ಒಂದು. ಅಷ್ಟರಲ್ಲಿ ಬ್ಯಾಡಗಿಯ ಘಾಟು ಮೂಗಿನಲ್ಲಿ ಎದ್ದು ಅವಳು ಜೋರಾಗಿ ಸೀನಿದಳು. ಕೈ ಹೊರಬಂದೇಬಿಟ್ಟಿತೆಂದು ಸಂತೆಗೆ ಸಂತೆಯೇ "ಅಯ್ಯೋ!" ಎಂದಿತು. ಆದರೆ ಅವಳು ಮೂಗು ಮುಚ್ಚಿದ್ದು ಎಡಗೈಯಲ್ಲಿ. ಬಲಗೈ ಒಳಗೇ ಇತ್ತು, ಗಟ್ಟಿಯಾಗಿ.

ಬರಾಕಾನ ಕಣ್ಣಲ್ಲಿ ನೀರು ಬಂತು. ಅವನೇನೂ ಸೀನಿರಲಿಲ್ಲ.

"ಮುಗೀತೇನೋ ತಮ್ಮಾ?"

"ಮುಗೀತ್ರಿ ಅಜ್ಜಾರ. ಎರಡು."

"ಹುಚ್ಚಪ್ಯಾಲಿ! ಬಾಯಿಬಿಟ್ಟು ಹೇಳಬಾರದು!" ಎಂದು ಮಾವ ಬೈದರು. ಬರಾಕಾ ಎರಡೂವರೆ ವರ್ಷ ಕೇಳಬೇಕೆಂದಿದ್ದನಂತೆ, ಅರ್ಧಕ್ಕೆ ಏನು ಹಿಡಿಯಬೇಕೆಂದು ಮಾವ ಹೇಳಿಕೊಟ್ಟಿರಲಿಲ್ಲ.

ಮಾರನೆಯ ದಿನ ನೀಮಾ ಹೊರಟಾಗ ಟವೆಲ್ ಅವಳ ಚೀಲದಲ್ಲಿತ್ತು. ಮಾವ ಕೇಳಲಿಲ್ಲ. ಆ ವಾರ ಬದನೆಕಾಯಿಯವಳ ಮುಂದೆ ಬರಿಗೈಯಲ್ಲಿ ನಿಂತು, ದರ ಕೇಳಲು ನಾಚಿ, ಬರಿಗೈಯಲ್ಲೇ ಮನೆಗೆ ಬಂದರು.

ಬರಾಕಾ ಮೂರನೇ ವರ್ಷ ಬಿಟ್ಟು, ಎರಡು ವರ್ಷ ತುಂಬಿದ ವಾರವೇ ಊರಿಗೆ ಹೋದ. ಆಮೇಲೆ ಮದುವೆಯ ಫೋಟೋ ಬಂತು. ಬಿಳಿ ಗೌನಿನ ನೀಮಾ, ಕರಿ ಸೂಟಿನ ಬರಾಕಾ, ಇಬ್ಬರ ಕೈಮೇಲೆ ನಮ್ಮ ಕೆಂಪು ಟವೆಲ್.

ಮಾವ ಕನ್ನಡಕ ಒರೆಸಿ ಒರೆಸಿ ನೋಡಿದರು.

"ನಾಗಲಕ್ಷ್ಮಿ, ಇನ್ನೂ ಕೈ ಹೊರಗ ತಗದಿಲ್ಲಲ್ಲವಾ ಇವರು!"