ಗೋಡೆ ಮುಟ್ಟಿ ನೋಡದೆ ಸಹಿ ಹಾಕದ ನೆಲ್ಸಿಯಮ್ಮ

ನೆಲ್ಸಿಯಮ್ಮನ ಬಗ್ಗೆ ಬರೆಯಬೇಕಾದರೆ ಮೊದಲು ನನ್ನ ದಡ್ಡತನದ ಬಗ್ಗೆ ಬರೆಯಬೇಕು. ಅವರನ್ನು ನನಗೆ ಪರಿಚಯಿಸಿದ್ದೇ ಅದು.

ನಾನು ದೇಶದ ಉತ್ತರದ ಸುಡುಬಿಸಿಲಿನ ಪಿಯಾವಿ ರಾಜ್ಯದವನು, ಟೆರೆಸಿನಾ ಊರು. ಇಲ್ಲಿ ದಕ್ಷಿಣದ ಚಳಿಯ ಸಾಂತಾ ಕತರೀನಾದವರಿಗೆ ಮಾತ್ರ ನಾನು 'ಬಯಾನೊ', ಅಂದರೆ ಬಹಿಯಾದವನು. ಬಹಿಯಾ ನಮ್ಮ ಪಕ್ಕದ ರಾಜ್ಯ, ನಾನು ಅಲ್ಲಿಗೆ ಕಾಲಿಟ್ಟಿದ್ದು ಬಸ್ಸು ದಾಟುವಾಗ ಮಾತ್ರ ಎಂದು ಎರಡು ವಾರ ವಿವರಿಸಿದೆ. ಮೂರನೆಯ ವಾರದಿಂದ ಕರೆದರೆ ಓಗೊಡುತ್ತಿದ್ದೆ. ಬ್ಲುಮೆನಾವ್‌ನ ಒಂದು ಟವೆಲ್ ಕಾರ್ಖಾನೆಯಲ್ಲಿ ಮಗ್ಗ ನೋಡಿಕೊಳ್ಳುವ ಕೆಲಸ. ಸಂಬಳ ನಮ್ಮೂರಿಗಿಂತ ಎರಡು ಪಟ್ಟು, ಬಾಡಿಗೆ ಮೂರು ಪಟ್ಟು. ಈ ಲೆಕ್ಕ ಹೊರಡುವ ಮೊದಲು ಯಾಕೆ ಹೊಳೆಯಲಿಲ್ಲ ಎಂದು ಹೆಂಡತಿ ಜುಸಿಲೇನಿ ಫೋನಿನಲ್ಲಿ ಕೇಳಿದಳು. ಸಿಗ್ನಲ್ ಸರಿಯಿಲ್ಲ ಎಂದೆ.

ಅವಳು ಆಗಲೇ ಮನೆ ಬಿಟ್ಟುಕೊಟ್ಟಾಗಿತ್ತು. ಫ್ರಿಜ್ಜು, ಫ್ಯಾನು ಮಾರಿ, ಎರಡು ವರ್ಷದ ಮಗಳು ಮಾಯಾರಾಳನ್ನು ಕಟ್ಟಿಕೊಂಡು ಮೂರೂವರೆ ದಿನದ ಬಸ್ಸಿಗೆ ಟಿಕೆಟು ತೆಗೆದಿದ್ದಳು. ಮೇ ಇಪ್ಪತ್ತಕ್ಕೆ ಬಂದಿಳಿಯುತ್ತಾಳೆ. ನಾನಿದ್ದದ್ದು ಆರು ಗಂಡಸರು ಒಂದು ಬಚ್ಚಲು ಹಂಚಿಕೊಳ್ಳುವ ವಸತಿಗೃಹದಲ್ಲಿ. ಅಲ್ಲಿ ಹೆಂಗಸರಿಗೂ ಮಕ್ಕಳಿಗೂ ಪ್ರವೇಶವಿಲ್ಲ. ಇಪ್ಪತ್ತರೊಳಗೆ ಮನೆ ಸಿಗದಿದ್ದರೆ ನನ್ನ ಸಂಸಾರ ಬಸ್ ನಿಲ್ದಾಣದ ಬೆಂಚಿನ ಮೇಲೆ ಶುರುವಾಗಬೇಕು.

ಟೆರೆಸಿನಾದಲ್ಲಿ ನಾವು ಮನೆ ಹಿಡಿದದ್ದು ಹೀಗೆ: ಚಿಕ್ಕಮ್ಮ ಯಾರಿಗೋ ಹೇಳಿದಳು, ಅವರು 'ಪಕ್ಕದ ಮನೆಯ ಮೊಳೆಗೆ ಬೀಗದ ಕೈ ನೇತುಹಾಕಿದ್ದೇವೆ, ತಗೊಳ್ಳಿ' ಎಂದರು. ಅಷ್ಟೆ. ಇಲ್ಲಿ ಬಾಡಿಗೆ ಏಜೆನ್ಸಿಯ ಗ್ರೇಸಿ ಎಂಬ ಹುಡುಗಿ ಕಾಗದ ಮುಂದಿಟ್ಟಳು. ಜಾಮೀನುದಾರ ಬೇಕು. ಅವನಿಗೆ ಇದೇ ಊರಿನಲ್ಲಿ ಸ್ವಂತ ಮನೆ ಇರಬೇಕು. ನಾನು ಬಾಡಿಗೆ ತಪ್ಪಿಸಿದರೆ ಆ ಮನೆ ಹೋಗುತ್ತದೆ, ಅದೊಂದೇ ಮನೆಯಾದರೂ.

"ಇಲ್ಲಿ ಸ್ವಂತ ಮನೆ ಇರೋರು ಯಾರಾದ್ರೂ ಗೊತ್ತಾ ನಿಮಗೆ?"

"ಗೊತ್ತಿದ್ದಿದ್ರೆ ಅವರ ಮನೇಲೇ ಮಲಗ್ತಿದ್ದೆ," ಎಂದೆ.

ಅವಳು ನಗಲಿಲ್ಲ. ಈ ಊರಲ್ಲಿ ನನ್ನ ಯಾವ ಜೋಕಿಗೂ ಜಾಮೀನು ಸಿಕ್ಕಿರಲಿಲ್ಲ.

ಆದರೆ ಮನೆಯನ್ನು ನಾನು ಆಗಲೇ ಗುರುತು ಹಾಕಿಟ್ಟಿದ್ದೆ. ಗುಡ್ಡದ ಬುಡದಲ್ಲಿ, ದಟ್ಟ ಮರಗಳ ನೆರಳಿಗೆ ಆನಿಕೊಂಡ ಎರಡು ಕೋಣೆಯ ಮನೆ. ಟೆರೆಸಿನಾದವನು ಮನೆ ನೋಡಲು ಹೋದರೆ ಮೊದಲು ಕೇಳುವುದು ಒಂದೇ, ಮಧ್ಯಾಹ್ನದ ಬಿಸಿಲು ಯಾವ ಗೋಡೆಗೆ ಬೀಳುತ್ತದೆ ಎಂದು. ಪಡುವಣ ಕೋಣೆಯಲ್ಲಿ ಮಲಗುವುದು ಬಾಣಲೆಯಲ್ಲಿ ಮಲಗಿದ ಹಾಗೆ. ಈ ಮನೆಗೋ ಯಾವ ದಿಕ್ಕಿನಿಂದಲೂ ಬಿಸಿಲಿಲ್ಲ.

"ಬಿಸಿಲು ಒಂಚೂರೂ ಬರಲ್ಲ ತಾನೇ?" ಎಂದು ಖಾತ್ರಿ ಮಾಡಿಕೊಳ್ಳಲು ಗ್ರೇಸಿಯನ್ನು ಕೇಳಿದೆ.

ಅವಳ ಮುಖ ಸಣ್ಣಗಾಯಿತು. ಮಾಲೀಕರಿಗೆ ಫೋನು ಮಾಡಿ ಬಾಡಿಗೆಯಲ್ಲಿ ನೂರು ರೆಯಾಲ್ ಇಳಿಸಿದಳು. ನಾನು ಅಷ್ಟು ಚೆನ್ನಾಗಿ ಚೌಕಾಸಿ ಮಾಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ನಮ್ಮ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಓಸ್ನಿಯವರು ಕೆಲಸ ಮಾಡುತ್ತಾರೆ. ನನ್ನೆದುರು ಊಟಕ್ಕೆ ಕೂರತೊಡಗಿ ಎರಡು ತಿಂಗಳಾಗಿತ್ತು, ಒಟ್ಟು ಆಡಿದ್ದು ಹತ್ತು ಮಾತು, ಅದರಲ್ಲಿ ಆರು ಉಪ್ಪು ಕೇಳಿದ್ದು. ಒಂದು ದಿನ "ಮನೆ ಸಿಕ್ತಾ?" ಎಂದರು. ಜಾಮೀನಿನ ಕಥೆ ಹೇಳಿದೆ. ಅವರು ಅನ್ನ ಕಾಳು ಮುಗಿಸಿ ತಟ್ಟೆ ಎತ್ತಿಕೊಂಡು ಹೋದರು. ಮೂರು ದಿನ ಬಿಟ್ಟು ಅದೇ ಜಾಗದಲ್ಲಿ ಕೂತು ಹೇಳಿದರು:

"ನಂದೊಂದು ಮನೆ ಇದೆ. ಆದ್ರೆ ಅರ್ಧ ನನ್ನ ಹೆಂಡ್ತಿ ನೆಲ್ಸೀದು. ಅವಳೂ ಸಹಿ ಹಾಕ್ಬೇಕು. ಶನಿವಾರ ಬಾ."

ಯಾಕೆ ಹೇಳಿದರು, ನನ್ನಲ್ಲಿ ಏನು ಕಂಡರು, ಏನೂ ತಿಳಿಯಲಿಲ್ಲ. ಶನಿವಾರ ಹೋದೆ.

ನೆಲ್ಸಿಯಮ್ಮ ಅಡುಗೆಮನೆಯಲ್ಲಿ ಬಾಳೆಹಣ್ಣಿನ ಕೇಕಿನ ಮೇಲೆ ಹಿಟ್ಟು ಸಕ್ಕರೆ ಉದುರಿಸುತ್ತಿದ್ದರು. ಕುಳ್ಳಗೆ, ತೋಳು ಗಟ್ಟಿ. ಹದಿನಾಲ್ಕಕ್ಕೆ ಕಾರ್ಖಾನೆ ಸೇರಿ ಮೂವತ್ತೊಂದು ವರ್ಷ ಹೊದಿಕೆಗಳ ಅಂಚು ಹೊಲಿದವರು. ನನ್ನನ್ನು ಕೂರಿಸಿ, ನನ್ನ ಅಂಗಿಯ ಕೆಳ ಅಂಚನ್ನು ನೋಡಿ "ಇದನ್ಯಾರು ಹೊಲಿದ್ರು, ಕುಡುಕನಾ?" ಎಂದರು. ಹೊಲಿದವನು ನಾನೇ. ಅಂಚನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡೆ.

ಆಮೇಲೆ ತಮ್ಮ ಕಥೆ ಹೇಳಿದರು. ಮದುವೆಯಾದ ಮೇಲೆ ಹನ್ನೊಂದು ಬಾಡಿಗೆ ಮನೆ. ಹನ್ನೆರಡನೆಯದು ಸ್ವಂತದ್ದು, ಇಬ್ಬರೂ ಭಾನುವಾರಗಳಂದು ಇಟ್ಟಿಗೆ ಹೊತ್ತು ಕಟ್ಟಿದ್ದು. ಓಸ್ನಿಯವರ ತಮ್ಮ ಅಡೆಮಾರ್ ಅಂಗಡಿಗೊಂದು ಮಳಿಗೆ ಬಾಡಿಗೆಗೆ ಹಿಡಿಯಬೇಕೆಂದು ಜಾಮೀನಿನ ಕಾಗದ ತಂದ.

"ಒಲೆ ಮೇಲೆ ಹುರುಳಿಕಾಯಿ ಸೀದು ಹೋಗ್ತಿತ್ತು. ಫ್ರಿಜ್ಜಿನ ಮೇಲೆ ಕಾಗದ ಇಟ್ಟು ಸಹಿ ಹಾಕ್ದೆ. ಏನಂತ ಓದಿಲ್ಲ, ಎಲ್ಲಿ ಅಂತ ಕೇಳಿಲ್ಲ. ಎರಡೇ ವರ್ಷ. ಮನೆ ಹೋಯ್ತು. ಹುರುಳಿಕಾಯೀನೂ ಸೀದೇ ಹೋಗಿತ್ತು."

ಮತ್ತೆ ಬಾಡಿಗೆ ಮನೆ. ಮತ್ತೆ ಒಂಬತ್ತು ವರ್ಷ ಇಟ್ಟಿಗೆ. ಅಡೆಮಾರ್ ಈಗಲೂ ಕ್ರಿಸ್ಮಸ್ಸಿಗೆ ಬರುತ್ತಾನಂತೆ.

"ಊಟ ಹಾಕ್ತೀರಾ?" ಎಂದು ಕೇಳಿದೆ.

"ಹಾಕ್ದೆ ಇರಕ್ಕಾಗತ್ತಾ, ಮೈದುನ. ಒಂದು ತುಂಡು ಮಾಂಸ ಕಡಿಮೆ ಹಾಕ್ತೀನಿ. ಅವನಿಗೆ ಗೊತ್ತಾಗಲ್ಲ. ನನಗೆ ಗೊತ್ತಿರತ್ತೆ."

ಇಷ್ಟು ಕೇಳಿದ ಮೇಲೆ ಕಾಗದದ ಮಾತೆತ್ತಲು ನನಗೆ ನಾಚಿಕೆಯಾಯಿತು. ಅವರೇ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದರು. "ನಡಿ, ಆ ಮನೆ ತೋರಿಸು."

ಗ್ರೇಸಿಯಿಂದ ಬೀಗದ ಕೈ ಇಸಕೊಂಡು, ನನ್ನ ಗುಡ್ಡದ ಬುಡದ ಮನೆಯನ್ನು ನಾನು ರಾಜಕುಮಾರಿಯನ್ನು ತೋರಿಸುವ ಹಾಗೆ ತೋರಿಸಿದೆ. ಅವರು ಹೊಸ್ತಿಲಲ್ಲೇ ನಿಂತು ಗಾಳಿ ಮೂಸಿದರು. ಮಲಗುವ ಕೋಣೆಯ ಗೋಡೆಗೆ ಅಂಗೈ ಒತ್ತಿ, ಎಣಿಸುವವರ ಹಾಗೆ ಸ್ವಲ್ಪ ಹೊತ್ತು ಇಟ್ಟುಕೊಂಡರು. ಕಪಾಟು ತೆರೆದು ತಲೆ ಒಳಗೆ ಹಾಕಿ ಹೊರಗೆಳೆದರು.

"ಮಗೂನ ಇಲ್ಲಿ ಮಲಗಿಸ್ತೀಯಾ?"

"ತಂಪಾಗಿದೆಯಲ್ಲಮ್ಮ."

"ತಂಪು. ಹೆಣಾನೂ ತಂಪಾಗೇ ಇರತ್ತೆ." ಅಂಗೈ ನನ್ನ ಮುಂದೆ ಹಿಡಿದರು. ತೇವಕ್ಕೆ ಹೊಳೆಯುತ್ತಿತ್ತು. "ಈ ಮನೆಗೆ ನಾನು ಸಹಿ ಹಾಕಲ್ಲ."

ಹೇಳಿ, ಇಳಿಜಾರಿನಲ್ಲಿ ಸರಸರ ನಡೆದು ಹೋಗಿಬಿಟ್ಟರು.

ನನಗೆ ಅರ್ಥವಾದದ್ದು ಇಷ್ಟು: ನನ್ನ ಮುಖ ಹಿಡಿಸಲಿಲ್ಲ. ಬಯಾನೊ ಬೇಡ ಎನ್ನಲು ಸಂಕೋಚವಾಗಿ ತಪ್ಪನ್ನು ಗೋಡೆಯ ಮೇಲೆ ಹಾಕಿದರು. ಎರಡು ದಿನ ಮಗ್ಗದ ಮುಂದೆ ನಿಂತು, ಜುಸಿಲೇನಿಗೆ ಏನು ಹೇಳಲಿ ಎಂದು ಯೋಚಿಸಿದೆ. ಅವಳು ಸೋಮವಾರ ಫೋನು ಮಾಡಿ "ನಾಳೆ ಬಸ್ಸು ಹತ್ತಬೇಕು, ಅಡ್ರೆಸ್ಸು ಕಳಿಸು" ಎಂದಳು. ಪೇಟೆ ನಡುವಿನ ದೊಡ್ಡ ಚರ್ಚಿನ ಹೆಸರು ಕಳಿಸಿದೆ. ಊರಲ್ಲಿ ನನಗೆ ತಪ್ಪಿಲ್ಲದೆ ಬರೆಯಲು ಬರುತ್ತಿದ್ದ ವಿಳಾಸ ಅದೊಂದೇ.

ಮಂಗಳವಾರ ಊಟದಲ್ಲಿ ಓಸ್ನಿಯವರು ಕೇಳಿದರು. "ಮನೆ ನೋಡಿದ್ಯಾ?"

"ಯಾವ ಮನೆ? ಅಮ್ಮ ಆಗಲ್ಲ ಅಂದ್ರಲ್ಲ."

"ಆ ಮನೆಗೆ ಆಗಲ್ಲ ಅಂದ್ಲು. ಊರಲ್ಲಿ ಇರೋದು ಅದೊಂದೇ ಮನೆಯಾ?" ಅವರು ಇಷ್ಟುದ್ದ ಮಾತಾಡಿದ್ದು ನಾನು ಕೇಳಿರಲಿಲ್ಲ. ಅವರಿಗೂ ಆಯಾಸವಾದಂತೆ ಕಂಡಿತು. "ನಾಳೆ ನಾಲ್ಕು ಗಂಟೆಗೆ ಏಜೆನ್ಸಿಗೆ ಅವಳೇ ಬರ್ತಾಳೆ. ನಾಲ್ಕಕ್ಕೇ ಬಾ, ಮೂರಕ್ಕಲ್ಲ."

ಬುಧವಾರ ಗ್ರೇಸಿ ಮೂರು ಮನೆ ತೋರಿಸಿದಳು. ನೆಲ್ಸಿಯಮ್ಮ ಪ್ರತಿ ಬಾಗಿಲಲ್ಲೂ ಮೊದಲು "ಎಷ್ಟು ಮೀಟರು?" ಎನ್ನುತ್ತಿದ್ದರು. ಮೊದಲನೆಯದಕ್ಕೆ ಒಂಬತ್ತು ಎಂದಾಗ ಒಳಗೇ ಹೋಗಲಿಲ್ಲ. ಅಷ್ಟು ಅಗಲದ ಮನೆ ಯಾಕೆ ಸಾಲದು ಎಂದು ನಾನು ಕಣ್ಣಲ್ಲೇ ಅಳೆಯುತ್ತಿದ್ದೆ.

"ಮನೇದಲ್ಲ ಮಾರಾಯ, ನದೀದು. ನದಿ ಒಂಬತ್ತು ಮೀಟರ್ ಏರಿದ್ರೆ ಇಲ್ಲಿ ನೀರು ಬರತ್ತೆ. ಪ್ರತಿ ಬೀದಿಗೂ ಒಂದು ಲೆಕ್ಕ ಇದೆ."

ಎರಡನೆಯದರ ಗೋಡೆ ತೇವ. ಮೂರನೆಯದು ಸೈಕಲ್ ಅಂಗಡಿಯ ಮೇಲೆ, ಹದಿಮೂರೂವರೆ ಮೀಟರು. ಬಾಗಿಲು ತೆರೆದಾಗ ಪಡುವಣ ಕಿಟಕಿಯಿಂದ ಬಿಸಿಲು ಮಂಚದ ಜಾಗಕ್ಕೆ ನೆಟ್ಟಗೆ ಬಿದ್ದಿತ್ತು; ಮೂರಕ್ಕಲ್ಲ, ನಾಲ್ಕಕ್ಕೇ ಎಂದದ್ದು ಇದಕ್ಕೇ. ಟೆರೆಸಿನಾದ ನನ್ನ ಏಳು ತಲೆಮಾರಿನವರೂ ಒಟ್ಟಿಗೆ 'ಬೇಡ' ಎಂದದ್ದು ಕೇಳಿಸಿತು. ಬಾಡಿಗೆಯೋ ಗುಡ್ಡದ ಮನೆಗಿಂತ ಇನ್ನೂರು ಹೆಚ್ಚು. ನಮ್ಮೂರಲ್ಲಿ ಬಿಟ್ಟಿ ಕೊಟ್ಟರೂ ಯಾರೂ ಮುಟ್ಟದ ಬಿಸಿಲಿಗೆ ಇಲ್ಲಿ ತಿಂಗಳಾ ದುಡ್ಡು.

ನೆಲ್ಸಿಯಮ್ಮ ಗೋಡೆಗೆ ಅಂಗೈ ಒತ್ತಿದರು. ಈ ಸಲ ನನ್ನ ಕೈ ಹಿಡಿದು ಅದೇ ಜಾಗದಲ್ಲಿ ಒತ್ತಿಸಿದರು. ಬೆಚ್ಚಗೆ ಒಣಗಿತ್ತು. "ಇದು," ಎಂದರು.

ಗುರುವಾರ ಬೆಳಿಗ್ಗೆ ನೋಟರಿ ಕಚೇರಿ. ಓಸ್ನಿಯವರು ಓದದೆ ಸಹಿ ಹಾಕಿ ಪೆನ್ನು ಕೊಟ್ಟರು. ನೆಲ್ಸಿಯಮ್ಮ ಪೆನ್ನು ಹಿಡಿದು ನಿಂತರು.

"ಮನೆ ಹೋಗತ್ತೆ ಅಂತ ಬರೆದಿರೋ ಸಾಲು ಯಾವುದಮ್ಮ, ಓದು."

ಗ್ರೇಸಿ ಗಡಿಬಿಡಿಯಲ್ಲಿ ಓದಿದಳು.

"ನಿಧಾನ. ನನಗಲ್ಲ, ಅವನಿಗೆ ಕೇಳ್ಬೇಕು."

ಎರಡನೆಯ ಸಲ ಪ್ರತಿ ಪದವೂ ಕೇಳಿಸಿತು. ಒಂಬತ್ತು ವರ್ಷದ ಭಾನುವಾರಗಳು ನನ್ನ ಕೈಗೆ ಬಂದು ಕೂತಂತಾಯಿತು. ಸಾಕು, ಬೇಡ ಎಂದು ಹೇಳಿಬಿಡಲೇ ಎನಿಸಿತು. ಆ ಹೊತ್ತಿಗೆ ಬಸ್ಸು ಎಲ್ಲಿರಬಹುದೆಂದೂ ಎನಿಸಿತು. ಕಾಗದ ಜಾರದಂತೆ ಮೂಲೆ ಒತ್ತಿ ಹಿಡಿದೆ. ಅವರು ಸಹಿ ಹಾಕಿದರು, ಒಂದೊಂದೇ ಅಕ್ಷರ, ಅಂಚು ಹೊಲಿದ ಹಾಗೆ.

ಹೊರಗೆ ಬಂದ ಮೇಲೆ ತಡೆಯಲಾರದೆ ಕೇಳಿದೆ. "ಒಂದು ಸಲ ಮನೆ ಕಳಕೊಂಡಿದೀರಿ. ನಾನು ಯಾರು ಅಂತ ನಂಬಿದ್ರಿ?"

"ಅಡೆಮಾರನ ಮಳಿಗೆ ನಾನು ನೋಡಿರ್ಲಿಲ್ಲ. ಹೋಗಿ ನೋಡಿದ್ರೆ ಗೊತ್ತಾಗ್ತಿತ್ತು, ಆ ಓಣಿಗೆ ನಾಯಿನೂ ಬರಲ್ಲ, ಗಿರಾಕಿ ಎಲ್ಲಿಂದ ಬರ್ತಾನೆ. ಈ ಸಲ ನೋಡಿದೀನಿ."

"ನನ್ನನ್ನಾ?"

"ಮನೇನ. ಒಣಗಿರೋ ಮನೇಲಿ ಇರೋರು ಬಾಡಿಗೆ ಕಟ್ತಾರೆ. ಬೂಷ್ಟು ಹಿಡಿದ ಮನೇಲಿ ಇರೋರು ಔಷಧಿ ಅಂಗಡಿಗೆ ಕಟ್ತಾರೆ. ನೀನು ಎಂಥೋನು ಅಂತ ನನಗೇನು ಗೊತ್ತು."

ಹೊಗಳಿದರೋ ತೆಗಳಿದರೋ ಇಂದಿಗೂ ಇತ್ಯರ್ಥವಾಗಿಲ್ಲ.

ಶನಿವಾರ ಜುಸಿಲೇನಿ ಬಂದಳು. ಮೂರೂವರೆ ದಿನದ ದಣಿವಿನಲ್ಲೂ ಬಾಗಿಲಲ್ಲಿ ನಿಂತು ಕಿಟಕಿ ನೋಡಿದಳು, ನನ್ನನ್ನು ನೋಡಿದಳು.

"ಪಡುವಣ ಕೋಣೆ ಹಿಡಿದಿದೀಯಲ್ಲ, ತಲೆ ನೆಟ್ಟಗಿದೆಯಾ?"

"ನಾನಲ್ಲ. ನೆಲ್ಸಿಯಮ್ಮ ಆರಿಸಿದ್ದು."

ಮಾಯಾರಾ ಬಸ್ಸಿನ ಚಳಿಗೆ ಮೂಗು ಸೋರಿಸುತ್ತಿದ್ದಳು. ಯಾರ ಮಾತಿಗೂ ಕಾಯದೆ ಬಿಸಿಲು ಬಿದ್ದ ನೆಲಕ್ಕೆ ಹೋಗಿ ಕೂತಳು. ಆಮೇಲೆ ಒರಗಿದಳು. ಜುಸಿಲೇನಿ ಅವಳ ಪಕ್ಕ ಕೂತು, ಯಾರೂ ನೋಡುತ್ತಿಲ್ಲವೆಂದುಕೊಂಡು, ತನ್ನ ಪಾದಗಳನ್ನೂ ಮೆಲ್ಲಗೆ ಬಿಸಿಲಿಗೆ ಚಾಚಿದಳು.

"ಅವರು ನಮಗೆ ಏನಾಗ್ಬೇಕು, ಆ ನೆಲ್ಸಿಯಮ್ಮ?"

ಯೋಚಿಸಿದೆ. "ಜಾಮೀನು."

"ಅದು ಅತ್ತೆಗಿಂತ ಹತ್ತಿರಾನೋ ದೂರಾನೋ?"

"ಅದೇ ನನಗೂ ಗೊತ್ತಾಗ್ತಿಲ್ಲ," ಎಂದೆ. "ನಾಳೆ ಊಟಕ್ಕೆ ಕರೆದಿದಾರೆ. ಎಷ್ಟು ತುಂಡು ಮಾಂಸ ಹಾಕ್ತಾರೆ ನೋಡೋಣ."