ಉಪ್ಪಿನ ಡಬ್ಬಿಯ ಕಿವಿಚೂರು

ಕಾರ್ತಿಕದ ಮಂಜು ಸೋಮನಾಥಪುರದ ರಾಗಿ ಹೊಲಗಳ ಮೇಲಿಂದ ಇನ್ನೂ ಎದ್ದಿಲ್ಲ. ಚೆಲುವಯ್ಯನವರ ಕುರಿಹಟ್ಟಿಯಲ್ಲಿ ಮರಿತಾಯಮ್ಮನವರ ಕೆಲಸ ಆಗಲೇ ಅರ್ಧ ಮುಗಿದಿದೆ. ಹುಣಸೆ ಕೊಂಬೆಗೆ ತೂಗುಬಿಟ್ಟ ತಕ್ಕಡಿ, ಅದಕ್ಕೆ ಗೋಣಿಚೀಲದ ಜೋಲಿ, ಜೋಲಿಯೊಳಗೆ ಕಾಲು ಝಾಡಿಸುವ ಮರಿ.

“ಒಂಬತ್ತೂವರೆ ಕೆಜಿ. ನಿಮ್ಮಪ್ಪನಂಗೇ ಒದಿತೀಯಲ್ಲೋ!” ಎನ್ನುತ್ತ ಮರಿತಾಯಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

ಓದಿದ್ದು ಏಳನೇ ಕ್ಲಾಸು, ವಯಸ್ಸು ನಲವತ್ತಾರು. ಬನ್ನೂರಿನಿಂದ ಮೂಗೂರಿನವರೆಗೆ ಹದಿನಾಲ್ಕು ಹಟ್ಟಿ, ದಿನಕ್ಕೆ ನಲವತ್ತು ಮರಿ ತೂಗಿ ಬರೆದಿಡುವುದು ಅವರ ಕೆಲಸ.

ಈ ತೂಕಕ್ಕೂ ದೂರದ ಪ್ರಯೋಗಾಲಯವೊಂದಕ್ಕೂ ನಂಟಿದೆ. ಟಗರಿನ ವಂಶವಾಹಿ ಓದಿ, ಅದಕ್ಕೆ ಹುಟ್ಟುವ ಮರಿಗಳು ಹೇಗೆ ಬೆಳೆದಾವು ಎಂದು ಮೊದಲೇ ಅಂದಾಜು ಮಾಡುವ ಪರೀಕ್ಷೆ ಅಲ್ಲಿ ನಡೆಯುತ್ತದೆ. ಪರೀಕ್ಷೆ ದುಬಾರಿ, ಅದಕ್ಕೆ ರಕ್ತ ಸಾಗಿಸುವುದು ಇನ್ನೂ ದುಬಾರಿ. ಜೀಪು, ಡಾಕ್ಟರು, ಐಸು. 2007ರ ಬೇಸಿಗೆಯಲ್ಲಿ ಐಸು ದಾರಿಯಲ್ಲೇ ಕರಗಿ ಅರವತ್ತು ಸೀಸೆ ರಕ್ತ ಕೆಟ್ಟಿತು. ಜೀಪು ಮತ್ತೆ ಬರಲಿಲ್ಲ.

ಯಾರ ಕುರಿ ಯಾವುದೆಂದು ತಿಳಿಯಲು ಇಲ್ಲಿ ಕಿವಿಯಂಚು ಕತ್ತರಿಸಿ ಗುರುತು ಮಾಡುತ್ತಾರೆ. ಚೂರು ನಾಯಿ ಪಾಲು.

“ನಾಯಿ ಬಾಯಿಂದ ಕಿತ್ಕಂಡು ಉಪ್ಪಲ್ಲಾಕ್ದೆ ಕಣ್ರೀ. ಉಪ್ಪಾಕಿದ್ ಮೀನು ಕೆಡಲ್ಲ, ಇದ್ಯಾಕೆ ಕೆಡ್ತದೆ? ರಕ್ತದ ಬದ್ಲು ಇದಾಯ್ತದಾ ಸಾ ಅಂತ ಡಾಕ್ಟ್ರನ್ನೇ ಕೇಳ್ದೆ,” ಎನ್ನುತ್ತಾರೆ ಮರಿತಾಯಮ್ಮ.

ಆಯಿತು. ಈ ಎರಡು ವರ್ಷದಿಂದ ಚೂರುಗಳು ಉಪ್ಪಿನ ಡಬ್ಬಿಯಲ್ಲಿ ಅಂಚೆಗೆ ಬೀಳುತ್ತಿವೆ. ಅದೂ ಎಲ್ಲವೂ ಅಲ್ಲ. ತೂಕದ ಪುಸ್ತಕ ನೋಡಿ, ಒಳ್ಳೆಯ ತಾಯಿಗೆ ಹುಟ್ಟಿದ ಟಗರುಗಳದ್ದು ಮಾತ್ರ.

ಮಳೆಗಾಲದಲ್ಲಿ ಜ್ವರ ಬಂದು ಸೊರಗಿದ್ದ ಟಗರೊಂದನ್ನು ಚೆಲುವಯ್ಯ ಬಕ್ರೀದ್ ವ್ಯಾಪಾರಿಗೆ ಕೊಡಲು ಹೊರಟಿದ್ದರು. ಅದರ ತಾಯಿಯ ಲೆಕ್ಕ ಬಲ್ಲ ಮರಿತಾಯಮ್ಮ ಅಡ್ಡ ನಿಂತರು.

“ಇದ್ರ ಮರಿ ಚೆಂದಾಗ್ ಬೆಳೀತವೆ, ಕಾಗ್ದ ಬರೋಗಂಟ ತಡಿ ಚೆಲುವಣ್ಣ. ನನ್ ಮಾತು ಸುಳ್ಳಾದ್ರೆ, ನನ್ನವು ಇರೋವೇ ಎರಡು ಕುರಿ, ಒಂದು ನಿಂದು.”

“ದಿಟ ಆದ್ರೆ?”

“ಹೆಂಗಸ್ರು ಸಾಕಿರೋ ಕುರಿಗೆಲ್ಲ ನಿನ್ ಟಗರು ಬಿಟ್ಟಿ ಬಿಡ್ಬೇಕು.”

ಪ್ರಯೋಗಾಲಯದ ಕಾಗದ ನಿನ್ನೆ ಬಂದಿದೆ. ಹದಿನೆಂಟು ಟಗರುಗಳಲ್ಲಿ ಆ ಬಡಕಲು ಟಗರಿಗೇ ಮೊದಲ ಸ್ಥಾನ. ಚೆಲುವಯ್ಯ ದಿನವೂ ಮೈ ಸವರಿ ಮೆರೆಸುತ್ತಿದ್ದ ದುಂಡನೆಯ ಟಗರು ಹದಿನಾರನೆಯದು.

“ನಲವತ್ತು ವರ್ಸ ಕುರಿ ಕಾದೋನು ನಾನು. ಒಂದ್ ಉಪ್ಪಿನ್ ಡಬ್ಬಿ ನನ್ ಮರ್ವಾದಿ ಕಳೀತಲ್ಲಕ್ಕಾ!” ಎಂದು ನಗುತ್ತಲೇ ಅವರು ಬಡಕಲು ಟಗರಿನ ಹಗ್ಗ ಬಿಚ್ಚಿ ಮರಿತಾಯಮ್ಮನವರ ಕೈಗಿಡುತ್ತಾರೆ. “ತಗಾ, ಮಾತು ತೀರ್ತು. ಮೊದ್ಲು ನಿನ್ ಕುರೀಗೇ ಬಿಟ್ಕೊ.”

“ನನ್ನವು ಆಮ್ಯಾಕೆ. ಪಕ್ಕದ ಹಟ್ಟಿ ರಾಮಮ್ಮಂಗಿರೋದು ಒಂದೇ ಕುರಿ, ಅಲ್ಲಿಗೇ ಮೊದ್ಲೋಗ್ಲಿ.” ತಕ್ಕಡಿ ಬಿಚ್ಚಿ ಹೆಗಲಿಗೇರಿಸುತ್ತಾರೆ. “ಉಟ್ಟೋ ಮರೀನ ತೂಗಾಕೆ ನಾನೇ ಬತ್ತೀನಿ.”